ಚೀನಾದೇಶದ ಮಹಾನಗರದಲ್ಲಿ ಭಾಷೋಪಾಧ್ಯಾಯಿನಿಯ ಸೇವೆ

ನಮ್ಮ ಶಾಲೆಯಲ್ಲಿ ಓದಿ ಹೊರಟ ವಿದ್ಯಾರ್ಥಿನಿಯರು ಇಂದು ಅನೇಕ ದೇಶಗಳಲ್ಲಿ ದಾದಿಯರಾಗಿಯೂ ವೈದ್ಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಕೆಲಸಮಾಡುತ್ತಿರುವುದು ನಮಗೆಲ್ಲರಿಗೂ ಸಂತೋಷದ ಸಂಗತಿಯಾಗಿದೆ. ಪದವಿ ಪರೀಕ್ಷೆಯನ್ನು ಮುಗಿಸಿದ ಕೆಲವರು ಈಚೆಗೆ ನಮ್ಮಿಂದ ನಡತೆಯ ಪತ್ರವನ್ನು ಕೇಳಲು ಬಂದಾಗ, ಚೀನಾದೇಶದ ಯಾವುದಾದರೊಂದು ದೊಡ್ಡ ಪಟ್ಟಣಕ್ಕೆ ಹೋಗಿ ಒಂದು ವರ್ಷಕಾಲ ಸ್ವಯಂಸೇವಕಿಯರಾಗಿ ಇಂಗ್ಲಿಷ್ ಭಾಷೆಯನ್ನು ಕಲಿಸಬೇಕೆಂಬ ಇಚ್ಛೆಯನ್ನು ತಿಳಿಸಿದ್ದಾರೆ. ಅವರ ತಾಯಿತಂದೆಗಳು ಬಂದು, “ಅಮ್ಮನವರೇ, ಕಳುಹಿಸಬಹುದೋ ಕೂಡದೋ ನೀವೇ ಹೇಳಿರಿ” ಎಂದು ಕೇಳಿರುವುದೂ ಉಂಟು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕಿಂತ, ಈ ಸಂಚಿಕೆಯ ಮೂಲಕ ಎಲ್ಲರಿಗೂ ಒಟ್ಟಿಗೆ ಹೇಳುವುದು ಉಚಿತವೆಂದು ನಮಗೆ ತೋರಿತು. ಈ ಸೇವೆಯ ಸ್ವರೂಪವೇನು, ಅದನ್ನು ಹಿಂದೆ ಯಾರು ಹೇಗೆ ನಡೆಯಿಸಿದರು, ತರಗತಿಯಲ್ಲಿ ನಿಜವಾಗಿ ಮಾಡಬೇಕಾದ ಕೆಲಸವೇನು, ಆ ದೇಶದ ಕಾನೂನು ಏನು ಹೇಳುತ್ತದೆ ಎಂಬ ನಾಲ್ಕು ಸಂಗತಿಗಳನ್ನು ಕ್ರಮವಾಗಿ ವಿವರಿಸುವೆವು.

ಮೊದಲು “ಸ್ವಯಂಸೇವೆ” ಎಂಬ ಮಾತನ್ನು ತಿಳಿಯಾಗಿಸಿಕೊಳ್ಳಬೇಕು. ಪರದೇಶದಲ್ಲಿ ಭಾಷೆಯನ್ನು ಕಲಿಸುವ ಸ್ವಯಂಸೇವಕರೆಂದರೆ, ಏನನ್ನೂ ಪಡೆಯದೆ ದುಡಿಯುವವರೆಂದು ಅರ್ಥವಲ್ಲ. ವ್ಯವಸ್ಥಿತವಾದ ಸಂಸ್ಥೆಗಳು ಕಳುಹಿಸುವ ಸ್ವಯಂಸೇವಕರಿಗೆ ವಾಸಕ್ಕೆ ಮನೆಯೂ, ಅಲ್ಲಿಯ ಸಾಧಾರಣ ಉಪಾಧ್ಯಾಯರಂತೆ ಜೀವಿಸಲು ಸಾಕಾಗುವಷ್ಟು ಭತ್ಯವೂ, ಕಾಯಿಲೆಯಾದರೆ ಚಿಕಿತ್ಸೆಯೂ ದೊರೆಯುತ್ತವೆ. ಲಾಭವಿಲ್ಲ, ಉಳಿತಾಯವಿಲ್ಲ, ಅಷ್ಟೆ. ಇದಕ್ಕೆ ತೀರ ಭಿನ್ನವಾದ ಮತ್ತೊಂದು ಬಗೆಯೂ ಉಂಟು. ಹೋಗುವವಳೇ ಮಧ್ಯವರ್ತಿಗೆ ಹಣವನ್ನು ಕಟ್ಟಿ, ಕೆಲವು ವಾರಗಳ ಮಟ್ಟಿಗೆ ಯಾವುದೋ ಶಾಲೆಯಲ್ಲಿಯೋ ಮನೆಯಲ್ಲಿಯೋ ಮಕ್ಕಳೊಂದಿಗೆ ಮಾತನಾಡಿ, ಉಳಿದ ಹೊತ್ತಿನಲ್ಲಿ ಊರು ನೋಡಿ ಬರುವುದು. ಎರಡಕ್ಕೂ ಹೆಸರು ಒಂದೇ ಆದರೂ ಕೆಲಸವು ಒಂದೇ ಅಲ್ಲ. ಮೊದಲನೆಯದು ಉಪಾಧ್ಯಾಯ ವೃತ್ತಿ, ಎರಡನೆಯದು ಪ್ರವಾಸ. ಪ್ರವಾಸದಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಸೇವೆಯೆಂದು ಕರೆದಾಗ ಕಲಿಯುವ ಮಕ್ಕಳ ಗತಿಯೇನೆಂಬುದನ್ನು ಯೋಚಿಸಬೇಕಾಗುತ್ತದೆ.

ಚೀನಾದೇಶವು ಬಹು ವಿಸ್ತಾರವಾದುದರಿಂದ, ಒಂದು ಪಟ್ಟಣವನ್ನು ಮುಂದಿಟ್ಟುಕೊಂಡು ಮಾತನಾಡುವುದು ಲೇಸು. ನಾವು ಚೆಂಗ್ಡು ಪಟ್ಟಣವನ್ನು ಆರಿಸಿಕೊಂಡಿದ್ದೇವೆ. ಅದಕ್ಕೆ ಕಾರಣಗಳು ಎರಡು. ಪರದೇಶದ ಸ್ವಯಂಸೇವಕರು ಭಾಷೆ ಕಲಿಸಿದ ದೀರ್ಘವಾದ ಪ್ರಯತ್ನವೊಂದು ಆ ಪಟ್ಟಣವನ್ನೇ ಕೇಂದ್ರವಾಗಿಟ್ಟುಕೊಂಡು ನಡೆಯಿತು. ಅಲ್ಲದೆ 2013ನೆಯ ಅಕ್ಟೋಬರಿನಲ್ಲಿ ಎರಡು ದೇಶಗಳೂ ಮಾಡಿಕೊಂಡ ಒಪ್ಪಂದದ ಪ್ರಕಾರ ಚೆಂಗ್ಡು ನಮ್ಮ ಬೆಂಗಳೂರಿನ ಸೋದರಿ ನಗರವೆನಿಸಿದೆ. ದಿಲ್ಲಿಗೆ ಬೇಯ್ಜಿಂಗ್, ಕಲ್ಕತ್ತೆಗೆ ಕುನ್ಮಿಂಗ್, ಬೆಂಗಳೂರಿಗೆ ಚೆಂಗ್ಡು ಎಂದು ಆಗ ಗೊತ್ತುಮಾಡಲಾಯಿತು.

ಚೆಂಗ್ಡು ನೈಋತ್ಯ ಚೀನಾದ ಸಿಚುವಾನ್ ಪ್ರಾಂತದ ರಾಜಧಾನಿ. 2020ರ ಜನಗಣತಿಯ ಪ್ರಕಾರ ಅದರ ಆಡಳಿತಕ್ಕೆ ಸೇರಿದ ಜನರ ಸಂಖ್ಯೆ ಎರಡು ಕೋಟಿಯನ್ನು ದಾಟಿದೆ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಲಿ ಬಿಂಗ್ ಎಂಬ ಅಧಿಕಾರಿಯು ಮಿನ್ ನದಿಯ ನೀರನ್ನು ಅಣೆಕಟ್ಟೆಯಿಲ್ಲದೆ ಇಬ್ಭಾಗಮಾಡಿ ಹೊಲಗಳಿಗೆ ತಿರುಗಿಸಿದ ದೂಜ್ಯಾಂಗ್‌ಯೆನ್ ಎಂಬ ನೀರಾವರಿಯು ಇಂದಿಗೂ ಆ ಬಯಲನ್ನು ತಣಿಸುತ್ತಿದೆ. ಆಕಾಶವು ವರ್ಷದ ಬಹುಭಾಗ ಮೋಡ ಕವಿದೇ ಇರುತ್ತದೆ. ಅಪರೂಪಕ್ಕೆ ಸೂರ್ಯನು ಕಂಡರೆ ಆ ಸೀಮೆಯ ನಾಯಿಗಳು ಬೆರಗಾಗಿ ಬೊಗಳುತ್ತವೆಂದು ಚೀನೀಯರಲ್ಲಿ ಒಂದು ಗಾದೆಯೇ ಇದೆ. ಮುಚ್ಚಳವುಳ್ಳ ಬಟ್ಟಲಲ್ಲಿ ಚಹವನ್ನು ಇಟ್ಟುಕೊಂಡು ಜನರು ಗಂಟೆಗಟ್ಟಲೆ ಕುಳಿತು ಮಾತನಾಡುವ ಚಹದ ಅಂಗಡಿಗಳಿಗೆ ಈ ಪಟ್ಟಣವು ಹೆಸರುವಾಸಿಯಾಗಿದೆ.

ಪರದೇಶದ ಉಪಾಧ್ಯಾಯರು ಈ ಪಟ್ಟಣಕ್ಕೆ ಹೊಸಬರಲ್ಲ. ಅಮೆರಿಕಾ, ಕೆನಡಾ, ಬ್ರಿಟನ್ನುಗಳ ಮಿಶನ್ ಸಂಘಗಳು ಕೂಡಿ 1910ರಲ್ಲಿ ಇಲ್ಲಿ ಪಶ್ಚಿಮ ಚೀನಾ ಸಂಯುಕ್ತ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದವು. ಅದರ ವೈದ್ಯಶಾಸ್ತ್ರದ ಪರಂಪರೆಯು ಈಗ ಸಿಚುವಾನ್ ವಿಶ್ವವಿದ್ಯಾನಿಲಯದಲ್ಲಿ ಸೇರಿಹೋಗಿದೆ. ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನು ಕುರಿತು ಚಿಂತಿಸುವ ನಮಗೆ ವಿಶೇಷವಾಗಿ ಹೇಳಬೇಕೆನಿಸುವ ಸಂಗತಿಯೊಂದುಂಟು. ನಾನ್ಜಿಂಗ್ ಪಟ್ಟಣದಲ್ಲಿ 1915ರಲ್ಲಿ ತೆರೆದ ಗಿನ್ಲಿಂಗ್ ಮಹಿಳಾ ಕಾಲೇಜು, ಜಪಾನೀಯರ ದಂಡಯಾತ್ರೆಯಿಂದಾಗಿ ತನ್ನ ಊರನ್ನು ಬಿಡಬೇಕಾಗಿ ಬಂದಾಗ, 1938ರಲ್ಲಿ ಇದೇ ಚೆಂಗ್ಡುವಿಗೆ ಬಂದು ಯುದ್ಧವು ಮುಗಿಯುವ ತನಕ ಇಲ್ಲಿಯೇ ಪಾಠ ನಡೆಯಿಸಿತು. ಅದರ ಅಧ್ಯಕ್ಷೆಯಾಗಿದ್ದ ವೂ ಯಿಫಾಂಗ್ ಎಂಬಾಕೆ, 1919ರಲ್ಲಿ ಅದೇ ಕಾಲೇಜಿನಿಂದ ಹೊರಟ ಮೊದಲನೆಯ ತಂಡದ ಪದವೀಧರೆಯರಲ್ಲಿ ಒಬ್ಬಳು. 1928ರಲ್ಲಿ ಆಕೆ ಆ ಕಾಲೇಜಿನ ಪ್ರಥಮ ಚೀನೀ ಅಧ್ಯಕ್ಷೆಯಾದಳು. 1945ರಲ್ಲಿ ಸಂಯುಕ್ತ ರಾಷ್ಟ್ರಗಳ ಸನ್ನದಿಗೆ ರುಜುಮಾಡಿದ ನಾಲ್ವರು ಸ್ತ್ರೀಯರಲ್ಲಿ ಆಕೆಯೂ ಒಬ್ಬಳು. ಪರದೇಶದಿಂದ ಬಂದ ಉಪಾಧ್ಯಾಯಿನಿಯರು ಆರಂಭಿಸಿದ ಕೆಲಸವನ್ನು ಅವರ ಶಿಷ್ಯೆಯೇ ಕೈಗೆತ್ತಿಕೊಂಡು ಅವರಿಗಿಂತ ಚೆನ್ನಾಗಿ ನಡೆಯಿಸುವಂತಾದರೆ ಆಗ ಆ ಕೆಲಸವು ಸಫಲವಾಯಿತೆಂದು ಹೇಳಬಹುದು. ಮುಂದೆ ಹೇಳುವ ಎಲ್ಲವನ್ನೂ ಈ ಅಳತೆಗೋಲಿನಿಂದಲೇ ಅಳೆಯಬೇಕೆಂದು ನಮ್ಮ ಅಭಿಪ್ರಾಯ.

ಇನ್ನು ನಮ್ಮ ಕಾಲದ ಪ್ರಯತ್ನಕ್ಕೆ ಬರೋಣ. ಅಮೆರಿಕಾ ಸರಕಾರದ ಪೀಸ್ ಕೋರ್ ಎಂಬ ಸ್ವಯಂಸೇವಕರ ದಳವು 1993ರಲ್ಲಿ 18 ಮಂದಿಯ ಮೊದಲನೆಯ ತಂಡವನ್ನು ಸಿಚುವಾನಿಗೆ ಕಳುಹಿಸಿತು. ಚೀನಾದಲ್ಲಿ ಆ ದಳಕ್ಕೆ “ಅಮೆರಿಕಾ ಚೀನಾ ಮೈತ್ರಿಯ ಸ್ವಯಂಸೇವಕರು” ಎಂಬ ಹೆಸರು. ಅದರ ಮುಖ್ಯ ಕಚೇರಿಯು ಚೆಂಗ್ಡುವಿನಲ್ಲಿತ್ತು. ಮುಂದೆ ಚೋಂಗ್‌ಚಿಂಗ್, ಗ್ವೇಜೌ, ಗಾನ್ಸು ಸೀಮೆಗಳಿಗೂ ಕೆಲಸವು ಹರಡಿತು. ಹೊಸದಾಗಿ ಬಂದವರು ಮೊದಲು ಚೀನೀ ಭಾಷೆಯನ್ನೂ ಬೋಧನಕ್ರಮವನ್ನೂ ಅಭ್ಯಾಸಮಾಡಿ, ಬಳಿಕ ಎರಡು ವರ್ಷ ತಮಗೆ ಗೊತ್ತುಮಾಡಿದ ಕಾಲೇಜಿನಲ್ಲಿ ಕಲಿಸುತ್ತಿದ್ದರು. 2020ರ ಜನವರಿಯಲ್ಲಿ ಆ ಕೆಲಸವನ್ನು ನಿಲ್ಲಿಸುವುದಾಗಿ ಪ್ರಕಟಣೆಯಾಯಿತು. ಅದೇ ಸಮಯದಲ್ಲಿ ಕೊರೋನಾ ವ್ಯಾಧಿಯೂ ಹಬ್ಬಿದುದರಿಂದ ಆಗ ಇದ್ದ ಸ್ವಯಂಸೇವಕರೆಲ್ಲರೂ ಅವಸರದಲ್ಲಿ ಹಿಂದಿರುಗಬೇಕಾಯಿತು. ಆ 27 ವರ್ಷಗಳಲ್ಲಿ 1,300ಕ್ಕೂ ಹೆಚ್ಚು ಮಂದಿ ಅಲ್ಲಿ ಸೇವೆ ಸಲ್ಲಿಸಿದರು. ಅವರಲ್ಲೊಬ್ಬರಾದ ಪೀಟರ್ ಹೆಸ್ಲರ್ ಎಂಬವರು 1996ರಿಂದ 1998ರ ವರೆಗೆ ಯಾಂಗ್ತ್ಸೆ ನದಿಯ ದಡದ ಫೂಲಿಂಗ್ ಎಂಬ ಊರಿನಲ್ಲಿ ಕಲಿಸಿ, ಆ ಅನುಭವವನ್ನು ಕುರಿತು 2001ರಲ್ಲಿ ಪ್ರಕಟಿಸಿದ ಪುಸ್ತಕವು ಪ್ರಸಿದ್ಧವಾಗಿದೆ. ಅವರೇ 2019ರಲ್ಲಿ ಪುನಃ ಚೆಂಗ್ಡುವಿಗೆ ಹೋಗಿ ಸಿಚುವಾನ್ ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ಕಲಿಸಿದರು. ಚೀನೀ ಕ್ರೈಸ್ತರೇ 1985ರಲ್ಲಿ ನಾನ್ಜಿಂಗಿನಲ್ಲಿ ಸ್ಥಾಪಿಸಿದ ಅಮಿಟಿ ಪ್ರತಿಷ್ಠಾನವೂ ಇದೇ ರೀತಿಯಾಗಿ ಪರದೇಶದ ಭಾಷೋಪಾಧ್ಯಾಯರನ್ನು ಕರೆಯಿಸಿ ಕಾಲೇಜುಗಳಲ್ಲಿ ನಿಲ್ಲಿಸಿತು.

ಈ ಎರಡು ಸಂಸ್ಥೆಗಳೂ ತಮ್ಮ ಜನರಲ್ಲಿ ಬಹುಮಂದಿಯನ್ನು ಉಪಾಧ್ಯಾಯರನ್ನು ತಯಾರಿಸುವ ತರಬೇತಿ ಕಾಲೇಜುಗಳಿಗೇ ಕಳುಹಿಸಿದುವೆಂಬುದು ಗಮನಿಸತಕ್ಕ ವಿಷಯವಾಗಿದೆ. ಅದರ ಕಾರಣವು ಸುಲಭವಾಗಿ ತಿಳಿಯುವಂಥದು. ಒಬ್ಬ ಸ್ವಯಂಸೇವಕಿಯು ಪುಟ್ಟ ಮಕ್ಕಳ ಒಂದು ತರಗತಿಯಲ್ಲಿ ನಿಂತು ಹಾಡು ಹೇಳಿಕೊಟ್ಟರೆ ಆ ಮಕ್ಕಳು ನಲಿಯುವರು. ಆಕೆ ಹೋದ ಮೇಲೆ ಹಾಡು ಮರೆತುಹೋಗುವುದು. ಅದೇ ಸ್ವಯಂಸೇವಕಿಯು ಮುಂದೆ ಉಪಾಧ್ಯಾಯರಾಗತಕ್ಕ 40 ಮಂದಿಗೆ ಉಚ್ಚಾರಣೆಯನ್ನೂ ಧೈರ್ಯವಾಗಿ ಮಾತನಾಡುವುದನ್ನೂ ಕಲಿಸಿದರೆ, ಅವರೊಬ್ಬೊಬ್ಬರೂ ತಮ್ಮ ತಮ್ಮ ಹಳ್ಳಿಯ ಶಾಲೆಗಳಲ್ಲಿ ಅನೇಕ ವರ್ಷಗಳ ತನಕ ನೂರಾರು ಮಕ್ಕಳಿಗೆ ಅದನ್ನು ಕಲಿಸುವರು. ಬೀಜವನ್ನು ಹುರಿದು ತಿನ್ನುವುದಕ್ಕೂ ಬಿತ್ತುವುದಕ್ಕೂ ಇರುವ ವ್ಯತ್ಯಾಸವು ಇದರಲ್ಲಿಯೂ ಇದೆ.

ಕಲಿಸಲು ಹೋದವರು ಮೊದಲು ಕಲಿಯಬೇಕೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅದೇ ಮಿಶನಿನ ಹಾಂಬರ್ಗ್ ಮತ್ತು ಲೆಖ್ಲರ್ ಎಂಬಿಬ್ಬರು 1847ರಲ್ಲಿ ಹಾಂಗ್‌ಕಾಂಗಿಗೆ ಬಂದಿಳಿದು ದಕ್ಷಿಣ ಚೀನಾದ ಹಕ್ಕಾ ಜನರ ಭಾಷೆಯನ್ನು ಕಲಿತರು. 1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲರು ಕನ್ನಡವನ್ನು ಅಕ್ಷರಾಭ್ಯಾಸದಿಂದ ಆರಂಭಿಸಿ, ಪಂಡಿತರ ಎದುರಿಗೆ ಶಿಷ್ಯರಾಗಿ ಕುಳಿತು, 1894ರಲ್ಲಿ ಪ್ರಕಟವಾದ ತಮ್ಮ ಮಹಾನಿಘಂಟನ್ನು ನಮಗೆ ಕೊಟ್ಟರು. ಚೀನಾದಿಂದ ನಮ್ಮ ದೇಶಕ್ಕೆ ಬಂದವರೂ ಇದ್ದಾರೆ. ತಾನ್ ಯುನ್ ಷಾನ್ ಎಂಬ ಪಂಡಿತರು 1928ರಲ್ಲಿ ಶಾಂತಿನಿಕೇತನಕ್ಕೆ ಬಂದು ಚೀನೀ ಭಾಷೆಯನ್ನು ಕಲಿಸಿದರು. 1937ರಲ್ಲಿ ಅಲ್ಲಿ ತೆರೆದ ಚೀನಾ ಭವನಕ್ಕೆ ಅವರೇ ಮುಖ್ಯಸ್ಥರಾದರು. ಇವರೆಲ್ಲರೂ ಒಂದೆರಡು ತಿಂಗಳುಗಳಿಗಾಗಿ ಬಂದವರಲ್ಲ. ಹಾಗೆ ಆಯುಷ್ಯವನ್ನೇ ಮುಡುಪಾಗಿಡಬೇಕೆಂದು ನಮ್ಮ ವಿದ್ಯಾರ್ಥಿನಿಯರಿಗೆ ನಾವು ಹೇಳುವುದಿಲ್ಲ. ಆದರೆ ಆ ಜನರ ಭಾಷೆಯಲ್ಲಿ ಒಂದು ವಾಕ್ಯವನ್ನೂ ಕಲಿಯದೆ ತನ್ನ ಭಾಷೆಯನ್ನು ಮಾತ್ರ ಕಲಿಸಲು ಹೋಗುವುದು ಶೋಭಿಸದು.

ಈಗ ತರಗತಿಯೊಳಗೆ ಪ್ರವೇಶಿಸೋಣ. ಚೀನಾದ ಶಾಲೆಗಳಲ್ಲಿ ಒಂದೊಂದು ತರಗತಿಗೆ 40-50 ಮಕ್ಕಳಿರುವುದು ಸಾಮಾನ್ಯ. ಬೆಳಿಗ್ಗೆ ಪಾಠ ಪ್ರಾರಂಭವಾಗುವುದಕ್ಕೆ ಮುಂಚೆ ಎಲ್ಲರೂ ಗಟ್ಟಿಯಾಗಿ ಓದುವ ಪದ್ಧತಿಯುಂಟು. ಉಪಾಧ್ಯಾಯರು ಬಂದೊಡನೆ ತರಗತಿಯ ಮುಂದಾಳು ಸೂಚನೆ ಕೊಡುತ್ತಾನೆ. ಎಲ್ಲರೂ ಎದ್ದು ವಂದಿಸುತ್ತಾರೆ. ಇಂಗ್ಲಿಷ್ ಭಾಷೆಯನ್ನು ಪ್ರಾಥಮಿಕ ಶಾಲೆಯ 3ನೆಯ ತರಗತಿಯಿಂದ ಕಲಿಸಬೇಕೆಂದು 2001ರಲ್ಲಿ ನಿರ್ಣಯವಾಯಿತು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಡೆಯುವ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಸಾಧಾರಣವಾಗಿ ಒಟ್ಟು 750 ಅಂಕಗಳಿದ್ದು, ಅದರಲ್ಲಿ 150 ಅಂಕಗಳು ಪರಭಾಷೆಗೆ ಮೀಸಲಾಗಿವೆ. ಆದುದರಿಂದ ಮಕ್ಕಳು ವ್ಯಾಕರಣವನ್ನೂ ಶಬ್ದಗಳನ್ನೂ ಶ್ರದ್ಧೆಯಿಂದ ಬಾಯಿಪಾಠ ಮಾಡುತ್ತಾರೆ. ಬರೆಯಬಲ್ಲರು, ಓದಬಲ್ಲರು, ಎದುರಿಗೆ ಒಬ್ಬರು ನಿಂತು ಮಾತನಾಡಿಸಿದರೆ ಬಾಯಿ ಬಾರದು. ಇದಕ್ಕೆ ಚೀನೀಯರೇ “ಮೂಕ ಇಂಗ್ಲಿಷ್” ಎಂದು ಹೆಸರಿಟ್ಟಿದ್ದಾರೆ. ಪರದೇಶದಿಂದ ಬಂದ ಉಪಾಧ್ಯಾಯಿನಿಯಿಂದ ಅವರು ನಿರೀಕ್ಷಿಸುವುದು ಈ ಮೂಕತನದ ಪರಿಹಾರವನ್ನೇ. ವ್ಯಾಕರಣವನ್ನು ಅವರ ಸ್ವಂತ ಉಪಾಧ್ಯಾಯರು ಬೇಕಾದಷ್ಟು ಚೆನ್ನಾಗಿ ಕಲಿಸುತ್ತಾರೆ.

ಈ ಕೆಲಸಕ್ಕೆ ಭಾಷೆಗಳ ಸ್ವಭಾವದ ಅರಿವು ಬೇಕು. ಚೀನೀ ಭಾಷೆಯಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದದ ರೂಪವು ಬದಲಾಗುವುದಿಲ್ಲ. ನಿನ್ನೆ ಎಂಬ ಶಬ್ದವೊಂದನ್ನು ಸೇರಿಸಿದರೆ ಭೂತಕಾಲವಾಯಿತು. “ಅವನು”, “ಅವಳು” ಎಂಬೆರಡಕ್ಕೂ ಆಡುವ ಮಾತಿನಲ್ಲಿ “ತಾ” ಎಂಬ ಒಂದೇ ಉಚ್ಚಾರಣೆ. ಬರವಣಿಗೆಯಲ್ಲಿ ಮಾತ್ರ ಭೇದ. ಆದುದರಿಂದ ಚೆನ್ನಾಗಿ ಓದಿದ ವಿದ್ಯಾರ್ಥಿಯೂ ಇಂಗ್ಲಿಷಿನಲ್ಲಿ ಮಾತನಾಡುವಾಗ ತನ್ನ ತಾಯಿಯನ್ನು “ಹೀ” ಎಂದುಬಿಡುವುದುಂಟು. ಅದು ಅಜಾಗರೂಕತೆಯಲ್ಲ, ಮಾತೃಭಾಷೆಯ ಎಳೆತ. ಸಿಚುವಾನ್ ಸೀಮೆಯ ಆಡುಮಾತಿನಲ್ಲಿ ನಕಾರ ಲಕಾರಗಳು ಒಂದರೊಳಗೊಂದು ಬೆರೆತುಹೋಗುವುದರಿಂದ, “ನೈಟ್” ಎಂಬುದು “ಲೈಟ್” ಆಗುತ್ತದೆ. ಚೀನೀ ಶಬ್ದಗಳ ಕೊನೆಯಲ್ಲಿ ಅನುನಾಸಿಕಗಳ ಹೊರತು ಬೇರೆ ವ್ಯಂಜನಗಳು ನಿಲ್ಲುವುದು ವಿರಳವಾದ ಕಾರಣ, ಕೊನೆಯ ವ್ಯಂಜನಕ್ಕೆ ಒಂದು ಸ್ವರವನ್ನು ಅಂಟಿಸುವ ಅಭ್ಯಾಸವೂ ಇದೆ. ಇದನ್ನು ಕೇಳಿ ನಗುವ ಹಕ್ಕು ಕನ್ನಡಿಗರಿಗಂತೂ ಇಲ್ಲ. “ಬಸ್” ಎಂಬುದನ್ನು “ಬಸ್ಸು” ಎಂದೂ “ಕಾರ್” ಎಂಬುದನ್ನು “ಕಾರು” ಎಂದೂ ಮಾಡಿಕೊಂಡವರು ನಾವೇ ಅಲ್ಲವೇ? ಮಗುವಿನ ತಪ್ಪು ಎಲ್ಲಿಂದ ಹುಟ್ಟಿತೆಂದು ತಿಳಿದ ಉಪಾಧ್ಯಾಯಿನಿಯು ಗದರಿಸದೆ ತಿದ್ದಬಲ್ಲಳು.

ತಾನು ಚೀನೀ ಭಾಷೆಯನ್ನು ಕಲಿಯತೊಡಗಿದಾಗ ಆಕೆಗೂ ತಗ್ಗಿ ನಡೆಯುವ ಪಾಠ ದೊರೆಯುವುದು. ಅಲ್ಲಿ ಸ್ವರದ ಏರಿಳಿತದಿಂದಲೇ ಅರ್ಥವು ಬದಲಾಗುತ್ತದೆ. “ಮಾ” ಎಂಬ ಒಂದೇ ಅಕ್ಷರವನ್ನು ನಾಲ್ಕು ರಾಗಗಳಲ್ಲಿ ಹೇಳಿದರೆ ತಾಯಿ, ಸೆಣಬು, ಕುದುರೆ, ಬೈಯುವುದು ಎಂಬ ನಾಲ್ಕು ಅರ್ಥಗಳಾಗುತ್ತವೆ. ತನ್ನ ವಿದ್ಯಾರ್ಥಿಗಳು ಐದನೆಯ ವಯಸ್ಸಿನಲ್ಲಿ ಸುಲಭವಾಗಿ ನುಡಿದುದನ್ನು ತಾನು ಇಪ್ಪತ್ತೈದನೆಯ ವಯಸ್ಸಿನಲ್ಲಿ ತಡವರಿಸುತ್ತ ನುಡಿಯುವಾಗ, ಕಲಿಯುವವರ ಸಂಕಟವು ಏನೆಂದು ಆಕೆಗೆ ನೆನಪಾಗುತ್ತದೆ. ತರಬೇತಿ ಪಡೆದ ಉಪಾಧ್ಯಾಯರಿಗೂ ಈ ನೆನಪು ಆಗಾಗ್ಗೆ ಅವಶ್ಯಕ.

ಬೋಧನಕ್ರಮವನ್ನು ಕುರಿತು ಎರಡು ಮಾತು. ಮೊದಲನೆಯದು: ಇಡೀ ತರಗತಿಯನ್ನು ಉದ್ದೇಶಿಸಿ “ತಿಳಿಯಿತೇ?” ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ನಮ್ಮ ಮಕ್ಕಳಂತೆಯೇ ಅವರೂ ಒಕ್ಕೊರಲಿನಿಂದ “ತಿಳಿಯಿತು” ಎನ್ನುವರು. ಮಕ್ಕಳನ್ನು ಇಬ್ಬಿಬ್ಬರನ್ನಾಗಿ ಜೋಡಿಸಿ, ಅಂಗಡಿಯಲ್ಲಿ ಬೆಲೆ ಕೇಳುವುದು, ದಾರಿ ವಿಚಾರಿಸುವುದು, ರೋಗದ ಲಕ್ಷಣವನ್ನು ಹೇಳಿಕೊಳ್ಳುವುದು ಮುಂತಾದ ಸಣ್ಣ ಸಂಭಾಷಣೆಗಳನ್ನು ಎಲ್ಲರೂ ಏಕಕಾಲದಲ್ಲಿ ಆಡುವಂತೆ ಮಾಡಿದರೆ, 50 ಮಂದಿಯ ತರಗತಿಯಲ್ಲಿಯೂ ಪ್ರತಿಯೊಬ್ಬರ ನಾಲಿಗೆಯೂ ಆಡುವುದು. ಎರಡನೆಯದು: ಚೀನೀಯರಲ್ಲಿ “ಮುಖ” ಎಂಬ ಮಾತಿಗೆ ಮಾನವೆಂಬ ಅರ್ಥವುಂಟು. ನಾಲ್ಕು ಜನರ ಮುಂದೆ ಒಬ್ಬರನ್ನು ನಿಲ್ಲಿಸಿ ತಪ್ಪನ್ನು ಎತ್ತಿ ತೋರಿಸಿದರೆ ಆ ವಿದ್ಯಾರ್ಥಿಯು ಮುಂದೆ ಬಾಯಿ ತೆರೆಯಲಾರನು. ತಪ್ಪನ್ನು ಹೆಸರಿಲ್ಲದೆ ಕರಿಹಲಗೆಯ ಮೇಲೆ ಬರೆದು ಎಲ್ಲರೂ ಸೇರಿ ತಿದ್ದುವುದು ಲೇಸು. ಉಪಾಧ್ಯಾಯರನ್ನು ಅಲ್ಲಿ ಮನೆತನದ ಹೆಸರಿನೊಂದಿಗೆ “ಲಾವ್‌ಷಿ” ಎಂದು ಸೇರಿಸಿ ಗೌರವದಿಂದ ಕರೆಯುತ್ತಾರೆ. ಸೆಪ್ಟೆಂಬರ್ 10ನೆಯ ತಾರೀಖನ್ನು 1985ರಿಂದ ಉಪಾಧ್ಯಾಯರ ದಿನವಾಗಿ ಆಚರಿಸುತ್ತಾರೆ. ಇಂಥ ಗೌರವವು ಸಿದ್ಧತೆಯಿಲ್ಲದೆ ತರಗತಿಗೆ ಬರುವ ಅಪರಿಚಿತಳಿಗೂ ಮೊದಲನೆಯ ದಿನ ದೊರೆಯಬಹುದು. ಆದರೆ ಬಹುಕಾಲ ನಿಲ್ಲದು.

ದಿನದ ಜೀವನವು ಕಷ್ಟಕರವಲ್ಲದಿದ್ದರೂ ಹೊಸತಾದುದು. ಚಳಿಗಾಲದಲ್ಲಿ ಉತ್ತರ ಚೀನಾದ ಮನೆಗಳಿಗೆ ಸರಕಾರದ ವ್ಯವಸ್ಥೆಯಿಂದ ಬೆಚ್ಚನೆಯ ಕೊಳಾಯಿಗಳುಂಟು. ದಕ್ಷಿಣ ಭಾಗಕ್ಕೆ ಸೇರಿದ ಚೆಂಗ್ಡುವಿನಲ್ಲಿ ಅವು ಸಾಮಾನ್ಯವಾಗಿ ಇಲ್ಲ. ಆದುದರಿಂದ ದಪ್ಪ ಕೋಟನ್ನು ತೊಟ್ಟೇ ಪಾಠ ಹೇಳುವುದೂ ಕೇಳುವುದೂ ಅಲ್ಲಿ ವಾಡಿಕೆ. ಊಟವು ಖಾರ. ಅವರ ಅಡಿಗೆಯಲ್ಲಿ ಮೆಣಸಿನಕಾಯಿಯೊಂದಿಗೆ ನಾಲಿಗೆಯನ್ನು ಜುಮ್ಮೆನ್ನಿಸುವ ಒಂದು ಕಾಯಿಯನ್ನು ಹಾಕುತ್ತಾರೆ. ಅದು ನಮ್ಮ ಮಲೆನಾಡಿನ ಜುಮ್ಮನಕಾಯಿಯ, ಎಂದರೆ ಕೊಂಕಣಿಗರ ತಿರ್ಫಳದ, ಕುಲಕ್ಕೇ ಸೇರಿದುದು. ಹಂದಿಯ ಮಾಂಸವೂ ಕೊಬ್ಬೂ ಬಹಳ ಪದಾರ್ಥಗಳಲ್ಲಿ ಸೇರಿರುವುದರಿಂದ, ಶಾಕಾಹಾರಿಗಳು “ನಾನು ಮಾಂಸವನ್ನು ತಿನ್ನುವುದಿಲ್ಲ” ಎಂಬ ಚೀನೀ ವಾಕ್ಯವನ್ನು ಎಲ್ಲಕ್ಕಿಂತ ಮೊದಲು ಕಲಿತಿರಬೇಕು. ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ.

ಇನ್ನು ಕಾನೂನಿನ ಸಂಗತಿ. ಇದನ್ನು ತಾಯಿತಂದೆಗಳು ದಯವಿಟ್ಟು ನಿಧಾನವಾಗಿ ಓದಬೇಕು. 2013ನೆಯ ಜುಲೈ 1ರಿಂದ ಜಾರಿಯಲ್ಲಿರುವ ಚೀನಾದ ಪ್ರವೇಶ ನಿರ್ಗಮನ ಕಾನೂನಿನ ಪ್ರಕಾರ, ಆ ದೇಶದಲ್ಲಿ ಕೆಲಸಮಾಡುವ ಪರದೇಶದವರು ಕೆಲಸದ ಪರವಾನಗಿಯನ್ನೂ ಕೆಲಸದ ನಿಮಿತ್ತವಾದ ವಾಸದ ಪರವಾನಗಿಯನ್ನೂ ಪಡೆದಿರಬೇಕು. ಇದಕ್ಕಾಗಿ “ಜೆಡ್” ಎಂಬ ವರ್ಗದ ವೀಸಾದ ಮೇಲೆ ಹೋಗಬೇಕು. “ಎಲ್” ಎಂಬುದು ಪ್ರವಾಸಿಗಳಿಗೆ. “ಎಕ್ಸ್” ಎಂಬುದು ವಿದ್ಯಾರ್ಥಿಗಳಿಗೆ. ಪ್ರವಾಸಿಯ ವೀಸಾದ ಮೇಲೆ ಹೋಗಿ ಉಪಾಧ್ಯಾಯಿನಿಯಾಗಿ ಕೆಲಸಕ್ಕೆ ಸೇರಿಕೊಳ್ಳುವುದು ಕಾನೂನಿಗೆ ವಿರುದ್ಧವಾದುದು. ಹಾಗೆ ಸಿಕ್ಕಿದವರಿಗೆ 5,000ದಿಂದ 20,000 ಯುವಾನುಗಳ ವರೆಗೆ ಜುಲ್ಮಾನೆಯುಂಟು. ಅಪರಾಧವು ದೊಡ್ಡದೆಂದು ಕಂಡರೆ 5ರಿಂದ 15 ದಿವಸಗಳ ಬಂಧನವೂ ಉಂಟು. ಶಿಕ್ಷೆಯು ಕರೆದುಕೊಂಡು ಹೋದ ಮಧ್ಯವರ್ತಿಗೂ ತಗಲಬಹುದು, ನಿಜ. ಆದರೆ ಪರದೇಶದ ಠಾಣೆಯಲ್ಲಿ ಕುಳಿತಿರಬೇಕಾದವಳು ನಮ್ಮ ಹುಡುಗಿಯೇ. ಹೋಟೆಲಿನ ಹೊರತು ಬೇರೆ ಎಲ್ಲಿಯೇ ಇಳಿದುಕೊಂಡರೂ 24 ಗಂಟೆಗಳೊಳಗೆ ಪೊಲೀಸು ಠಾಣೆಯಲ್ಲಿ ಹೆಸರು ಬರೆಯಿಸಬೇಕೆಂಬ ನಿಯಮವೂ ಉಂಟು.

ಕೆಲಸದ ಪರವಾನಗಿಗೆ ಯೋಗ್ಯತೆಯನ್ನೂ ಗೊತ್ತುಮಾಡಿದ್ದಾರೆ. ಭಾಷೆಯನ್ನು ಕಲಿಸತಕ್ಕವರು ಪದವೀಧರರಾಗಿದ್ದು, ಎರಡು ವರ್ಷ ಭಾಷಾಬೋಧನೆಯ ಅನುಭವವನ್ನು ಹೊಂದಿರಬೇಕು. ಶಿಕ್ಷಣ ಅಥವಾ ಭಾಷಾ ವಿಷಯದ ಪದವಿಯೋ, ಉಪಾಧ್ಯಾಯ ಯೋಗ್ಯತಾಪತ್ರವೋ ಉಳ್ಳವರಿಗೆ ಈ ಅನುಭವದ ನಿಯಮದಿಂದ ವಿನಾಯಿತಿಯುಂಟು. ಇದಕ್ಕಿಂತ ಮುಖ್ಯವಾದ ನಿಯಮವೇನೆಂದರೆ, ಸಾಮಾನ್ಯವಾಗಿ ಒಬ್ಬರು ತಮ್ಮ ದೇಶದ ಮಾತೃಭಾಷೆಯನ್ನೇ ಕಲಿಸತಕ್ಕದ್ದು. ಇದರಿಂದಾಗಿ ಭಾರತೀಯರು ಇಂಗ್ಲಿಷ್ ಉಪಾಧ್ಯಾಯರಾಗಿ ಅಲ್ಲಿಗೆ ಹೋಗುವ ದಾರಿಯು ಬಹಳ ಇಕ್ಕಟ್ಟಾಗಿದೆ. ನಮ್ಮ ಹುಡುಗಿಯರು ಇಂಗ್ಲಿಷನ್ನು ಎಷ್ಟೇ ಚೆನ್ನಾಗಿ ಮಾತನಾಡಿದರೂ ಈ ತೊಡಕು ಇದ್ದೇ ಇರುತ್ತದೆ. ಇದು ನಮಗೆ ಪ್ರಿಯವಾದ ಸಂಗತಿಯಲ್ಲ. ಆದರೆ ಅದನ್ನು ಮರೆಮಾಚಿ ಹಣ ಕೀಳುವವರಿರುವಾಗ ಹೇಳದೆ ಇರುವುದು ನಮ್ಮ ಕರ್ತವ್ಯಕ್ಕೆ ಲೋಪವಾಗುವುದು. ಇದಲ್ಲದೆ 2021ನೆಯ ಜುಲೈಯಲ್ಲಿ ಚೀನಾ ಸರಕಾರವು ಶಾಲಾಮಕ್ಕಳಿಗೆ ಲಾಭಕ್ಕಾಗಿ ಮನೆಪಾಠ ಹೇಳುವ ಸಂಸ್ಥೆಗಳನ್ನು ಬಿಗಿಯಾಗಿ ನಿಯಂತ್ರಿಸಿದುದರಿಂದ, ಹಿಂದೆ ಪರದೇಶದ ಉಪಾಧ್ಯಾಯರನ್ನು ಇಟ್ಟುಕೊಂಡಿದ್ದ ಇಂಗ್ಲಿಷ್ ಪಾಠದ ಮನೆಗಳು ಎಷ್ಟೋ ಮುಚ್ಚಿಹೋದವು.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಮೊದಲನೆಯದಾಗಿ, ಚೀನೀ ಭಾಷೆಯನ್ನು ಕಲಿಯುವುದಕ್ಕಾಗಿ ವಿದ್ಯಾರ್ಥಿನಿಯ ವೀಸಾದ ಮೇಲೆ ಯಾವುದಾದರೊಂದು ವಿಶ್ವವಿದ್ಯಾನಿಲಯಕ್ಕೆ ಸೇರಬಹುದು. ಇದಕ್ಕೆ ಚೀನಾ ಸರಕಾರದ ವಿದ್ಯಾರ್ಥಿವೇತನಗಳೂ ಇವೆ. ಹಾಗೆ ಹೋದವರು ಹೊರಗೆ ಪಾಠ ಹೇಳುವುದಾದರೆ ವಿಶ್ವವಿದ್ಯಾನಿಲಯದ ಒಪ್ಪಿಗೆಯನ್ನೂ ಅಧಿಕಾರಿಗಳ ಅನುಮತಿಯನ್ನೂ ಮೊದಲು ಪಡೆಯಬೇಕು. ಎರಡನೆಯದಾಗಿ, ಹಿಂದಿಯನ್ನು ಉನ್ನತವಾಗಿ ಅಭ್ಯಾಸಮಾಡಿದವರು ಅದನ್ನು ಕಲಿಸಲು ಹೋಗಬಹುದು. ಬೇಯ್ಜಿಂಗ್ ವಿಶ್ವವಿದ್ಯಾನಿಲಯದಲ್ಲಿ 1940ರ ದಶಕದಿಂದಲೂ ಹಿಂದಿಯ ಪಾಠ ನಡೆಯುತ್ತಿದೆ. ಮೂರನೆಯದಾಗಿ, ಗಣಿತವನ್ನೋ ವಿಜ್ಞಾನವನ್ನೋ ಕಲಿಸುವ ತರಬೇತಿ ಹೊಂದಿ ಅನುಭವವಿರುವವರು ಆ ವಿಷಯದ ಉಪಾಧ್ಯಾಯಿನಿಯರಾಗಿ ಹೋಗಲು ಪ್ರಯತ್ನಿಸಬಹುದು. 2020ರಲ್ಲಿ ನಿಂತುಹೋಗಿದ್ದ ಎರಡು ದೇಶಗಳ ನಡುವಣ ನೇರ ವಿಮಾನ ಸಂಚಾರವು 2025ನೆಯ ಅಕ್ಟೋಬರಿನಲ್ಲಿ ಪುನಃ ಆರಂಭವಾಯಿತು. ಬಾಗಿಲುಗಳು ತೆರೆಯುವುದೂ ಮುಚ್ಚುವುದೂ ರಾಜ್ಯಗಳ ಸಂಬಂಧವನ್ನು ಅನುಸರಿಸಿರುತ್ತವೆಂಬುದನ್ನು ಮಾತ್ರ ಮರೆಯಕೂಡದು.

ಮಗಳನ್ನು ಕಳುಹಿಸುವ ಮುಂಚೆ ತಾಯಿತಂದೆಗಳು ಈ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ಕರೆಯಿಸಿಕೊಳ್ಳುವ ಶಾಲೆಯ ಹೆಸರೂ ವಿಳಾಸವೂ ಏನು? ವೀಸಾ ಯಾವ ವರ್ಗದ್ದು? ಪರವಾನಗಿಯಲ್ಲಿ ಯಾರ ಹೆಸರು ಇರುವುದು, ಮತ್ತು ನಿಜವಾಗಿ ಕಲಿಸುವುದು ಅದೇ ಶಾಲೆಯಲ್ಲಿಯೇ? ವಾರಕ್ಕೆ ಎಷ್ಟು ಗಂಟೆ ಪಾಠ? ವಾಸವೆಲ್ಲಿ, ಜೊತೆಯಲ್ಲಿ ಯಾರು? ಕಾಯಿಲೆಯಾದರೆ ವೆಚ್ಚ ಯಾರದು? “ಸಂಬಳವಿಲ್ಲದ ಸೇವೆಯಾದುದರಿಂದ ಪರವಾನಗಿ ಬೇಡ” ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ನಂಬಬೇಡಿರಿ. ಚೀನಾ ರಾಯಭಾರಿ ಕಚೇರಿಯಿಂದಲೇ ವಿಚಾರಿಸಿರಿ. ಪಾಸ್‌ಪೋರ್ಟನ್ನು ಯಾರ ವಶದಲ್ಲಿಯೂ ಬಿಡಕೂಡದು. ಮಗಳೊಡನೆ ಮಾತನಾಡುವ ಬಗೆಯನ್ನೂ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಏಕೆಂದರೆ ನಮ್ಮಲ್ಲಿ ಎಲ್ಲರೂ ಉಪಯೋಗಿಸುವ ವಾಟ್ಸಾಪ್ ಅಲ್ಲಿ ತಡೆಯಲ್ಪಟ್ಟಿದೆ, ಅಲ್ಲಿ ಎಲ್ಲರೂ ಉಪಯೋಗಿಸುವ ವೀಚಾಟ್ 2020ರಿಂದ ನಮ್ಮಲ್ಲಿ ನಿಷೇಧಿಸಲ್ಪಟ್ಟಿದೆ. ಪೊಲೀಸರನ್ನು ಕರೆಯಲು 110, ಆಂಬುಲೆನ್ಸಿಗೆ 120, ಬೆಂಕಿಯ ಅಪಾಯಕ್ಕೆ 119 ಎಂಬ ಸಂಖ್ಯೆಗಳು ಆಕೆಗೆ ಬಾಯಿಪಾಠವಾಗಿರಲಿ. ಬೇಯ್ಜಿಂಗಿನಲ್ಲಿ ನಮ್ಮ ರಾಯಭಾರಿ ಕಚೇರಿಯೂ ಶಾಂಘಾಯ್, ಗ್ವಾಂಗ್‌ಜೌಗಳಲ್ಲಿ ಅದರ ಶಾಖೆಗಳೂ ಇವೆ.

ನಮ್ಮ ಶಾಲೆಯವರಿಗೆ ವಿಶೇಷವಾಗಿ ಹೇಳಬೇಕಾದುದೊಂದು ಉಂಟು. ಪರದೇಶದವರು ಅಲ್ಲಿಯ ದೇವಾಲಯಗಳಲ್ಲಿ ಪ್ರಾರ್ಥನೆಗೆ ಕೂಡಬಹುದು. ಆದರೆ ಧರ್ಮಪ್ರಚಾರ ಮಾಡುವುದನ್ನೂ ಅನುಯಾಯಿಗಳನ್ನು ಸೇರಿಸುವುದನ್ನೂ 1994ರ ನಿಬಂಧನೆಯು ನಿಷೇಧಿಸುತ್ತದೆ. 2025ನೆಯ ಮೇ 1ರಿಂದ ಇದಕ್ಕೆ ಇನ್ನೂ ವಿವರವಾದ ನಿಯಮಗಳು ಜಾರಿಗೆ ಬಂದಿವೆ. ಭಾಷೆಯನ್ನು ಕಲಿಸುತ್ತೇನೆಂದು ಹೇಳಿ ಹೋದವಳು ಭಾಷೆಯನ್ನೇ ಕಲಿಸತಕ್ಕದ್ದು. ಹೇಳಿದ ಮಾತಿಗೆ ತಪ್ಪದಿರುವುದೂ, ಪಾಠವನ್ನು ಪ್ರಾಮಾಣಿಕವಾಗಿ ಸಿದ್ಧಮಾಡುವುದೂ, ನಿಧಾನವಾಗಿ ಕಲಿಯುವ ಮಗುವಿನ ಮೇಲೆ ತಾಳ್ಮೆ ತೋರುವುದೂ ತಮ್ಮಷ್ಟಕ್ಕೆ ತಾವೇ ಸಾಕ್ಷಿಯಾಗಿರುತ್ತವೆ.

ಕೊನೆಯದಾಗಿ, ಅವಧಿಯ ಮಾತು. ನಮ್ಮ ಶಾಲೆಗೆ ತಿಂಗಳಿಗೊಬ್ಬರಂತೆ ಹೊಸ ಉಪಾಧ್ಯಾಯಿನಿಯರು ಬಂದು, ಪ್ರತಿಯೊಬ್ಬರೂ “ನಿನ್ನ ಹೆಸರೇನು?” ಎಂಬಲ್ಲಿಂದಲೇ ಪಾಠ ಆರಂಭಿಸಿ, ಭಾವಚಿತ್ರ ತೆಗೆಸಿಕೊಂಡು ಹೊರಟುಹೋದರೆ ನಿಮ್ಮ ಮಕ್ಕಳ ತಾಯಿತಂದೆಗಳಾದ ನೀವು ಒಪ್ಪುವಿರೋ? ಚೆಂಗ್ಡುವಿನ ತಾಯಿತಂದೆಗಳೂ ಒಪ್ಪಲಾರರು. ಪೂರ್ತಿ ಒಂದು ಶಾಲಾವರ್ಷವಾದರೂ ನಿಲ್ಲಲಾರದವಳು ಹೋಗದಿರುವುದೇ ಉಪಕಾರ. ನಿಲ್ಲಬಲ್ಲವಳು, ನಿಯಮದ ಪ್ರಕಾರ ಬಾಗಿಲಿನಿಂದ ಪ್ರವೇಶಿಸಿ, ಅವರ ಭಾಷೆಯನ್ನು ಕಲಿಯುತ್ತ ತನ್ನದನ್ನು ಕಲಿಸಿ, ತಾನು ಹೊರಟ ಮೇಲೆ ತನ್ನ ತರಗತಿಯನ್ನು ನಡೆಯಿಸಬಲ್ಲ ಒಬ್ಬ ಚೀನೀ ಉಪಾಧ್ಯಾಯಿನಿಯನ್ನಾದರೂ ಬಿಟ್ಟುಬರಲಿ. ಅಂಥವಳು ನಮ್ಮಲ್ಲಿಗೆ ನಡತೆಯ ಪತ್ರಕ್ಕಾಗಿ ಬಂದರೆ ಸಂತೋಷದಿಂದ ಬರೆದುಕೊಡುವೆವು. ಹಿಂದಿರುಗಿ ಬಂದ ಮೇಲೆ ಒಂದು ದಿನ ನಮ್ಮ ಹತ್ತನೆಯ ತರಗತಿಯ ಬಾಲಿಕೆಯರ ಮುಂದೆ ನಿಂತು, ತಾನು ಕಲಿಸಿದುದಕ್ಕಿಂತ ಹೆಚ್ಚಾಗಿ ಕಲಿತುಕೊಂಡುದೇನೆಂಬುದನ್ನು ಹೇಳಬೇಕೆಂಬುದಷ್ಟೇ ನಮ್ಮ ಕೋರಿಕೆಯಾಗಿರುತ್ತದೆ.